ಕೂಂಡಿನಾಡಿನ ಪೂದೋಂಟಗಳು

ನಮ್ಮ ನಾಡಿನ ದೇವಾಲಯಗಳ ಶಿಲ್ಪವನ್ನು ಕುರಿತು ಬಲ್ಲವರು ಬೇಕಾದಷ್ಟು ಬರೆದಿರುವರು. ಅಲ್ಲಿ ದೊರೆತ ಶಾಸನಗಳ ಆಧಾರದಿಂದ ರಾಜವಂಶಗಳ ಚರಿತ್ರೆಯನ್ನು ಕಟ್ಟಿದುದೂ ಆಗಿದೆ. ಆದರೆ ದೇವಾಲಯದ ಪ್ರಾಕಾರದಿಂದ ಹೊರಗೆ, ಊರ ಮನೆಗಳಿಗೂ ಹೊಲಗಳಿಗೂ ನಡುವೆ, ಬಾವಿಯೊಂದರ ಮಗ್ಗುಲಲ್ಲಿದ್ದ ಹೂವಿನ ತೋಟದ ಕಡೆಗೆ ವಿದ್ವಾಂಸರ ಲಕ್ಷ್ಯವು ಹೋದುದು ಕಡಮೆ. ಅದಕ್ಕೆ ಕಾರಣವೂ ಇಲ್ಲದಿಲ್ಲ. ಕಲ್ಲಿನ ಗುಡಿ ಸಾವಿರ ವರುಷ ನಿಲ್ಲುವುದು; ಮಲ್ಲಿಗೆಯ ಬಳ್ಳಿಗೆ ಒಂದು ಬೇಸಗೆ ನೀರು ತಪ್ಪಿದರೆ ಅದು ಇದ್ದ ಗುರುತೂ ಉಳಿಯುವುದಿಲ್ಲ. ಹೀಗಿದ್ದರೂ ನಮ್ಮ ಶಾಸನಗಳು ಆ ತೋಟಗಳನ್ನು ಮರೆತಿಲ್ಲ. ‘ಪೂದೋಂಟ’, ‘ತೋಂಟ’, ‘ಎಲೆದೋಂಟ’ ಎಂಬ ಮಾತುಗಳು ದಾನಭಾಗದಲ್ಲಿ ಮೇಲಿಂದ ಮೇಲೆ ಬರುತ್ತವೆ. ಆ ಮಾತುಗಳ ಹಿಂದೆ ಎಂತಹ ವ್ಯವಸ್ಥೆಯಿದ್ದಿತೆಂಬುದನ್ನು, ಘಟಪ್ರಭಾ ತೀರದ ಧುಪದಾಳದ ಸುತ್ತಲಿನ ಪ್ರದೇಶವನ್ನು ಮುಖ್ಯವಾಗಿ ಕಣ್ಣಮುಂದಿಟ್ಟುಕೊಂಡು, ಈ ಲೇಖನದಲ್ಲಿ ವಿಚಾರಿಸಲಾಗುವುದು.

ಧುಪದಾಳವು ಇಂದು ಪ್ರಸಿದ್ಧವಾಗಿರುವುದು ಅಲ್ಲಿಯ ಒಡ್ಡಿನಿಂದ. ೧೯ನೆಯ ಶತಮಾನದ ಕೊನೆಯ ಭಾಗದಲ್ಲಿ ಘಟಪ್ರಭೆಗೆ ಅಡ್ಡವಾಗಿ ಕಲ್ಲಿನ ಒಡ್ಡನ್ನು ಕಟ್ಟಿ, ಎಡದಂಡೆಯ ಕಾಲುವೆಗೆ ನೀರನ್ನು ತಿರುಗಿಸಿದರು. ಒಡ್ಡಿನ ಹಿಂದೆ ನಿಂತ ನೀರಿಗೆ ಹಕ್ಕಿಗಳು ನೆರೆಯುವುದರಿಂದ ೧೯೭೪ರಲ್ಲಿ ಆ ಭಾಗವನ್ನು ಪಕ್ಷಿಧಾಮವೆಂದು ಘೋಷಿಸಲಾಯಿತು. ಊರ ಹೆಸರಿನಲ್ಲಿ ‘ಧೂಪ’ದ ಧ್ವನಿ ಕೇಳಿಬರುವುದರಿಂದ ಪೂಜಾದ್ರವ್ಯಗಳೊಡನೆ ಅದಕ್ಕೆ ಸಂಬಂಧವನ್ನು ಕಲ್ಪಿಸಲು ಕೆಲವರಿಗೆ ಆಸೆಯಾಗಬಹುದು, ಸ್ಥಳನಾಮದ ಧ್ವನಿಯೊಂದರಿಂದಲೇ ಇತಿಹಾಸವನ್ನು ಕಟ್ಟುವುದು ಸಂಶೋಧಕನಿಗೆ ತಕ್ಕುದಲ್ಲ. ನಮಗೆ ಧುಪದಾಳವು ಬೇಕಾದುದು ಹೆಸರಿಗಾಗಿ ಅಲ್ಲ, ನೆಲೆಗಾಗಿ. ಅಲ್ಲಿಂದ ಹೊಳೆಯ ಕೆಳಗೆ ಕೆಲವೇ ಮೈಲಿಗಳಲ್ಲಿ ಕೊಣ್ಣೂರು. ಅದರ ಸಮೀಪದಲ್ಲಿಯೇ ೧೭೦ ಅಡಿಗಳ ಗೋಕಾಕದ ಜಲಪಾತ. ಜಲಪಾತದ ಬಳಿಯಲ್ಲಿ ಚಾಲುಕ್ಯ ಶೈಲಿಯ ಹಳೆಯ ಗುಡಿಗಳು. ಇನ್ನೂ ಮುಂದೆ, ಇಂದಿನ ಮೂಡಲಗಿ ತಾಲೂಕಿನಲ್ಲಿ, ಕಲ್ಲೋಳಿ. ಪಶ್ಚಿಮಕ್ಕೆ ಹುಕ್ಕೇರಿ ಸೀಮೆ. ಇದಿಷ್ಟೂ ಹಿಂದೆ ಕೂಂಡಿ ಮೂರುಸಾವಿರವೆಂಬ ನಾಡಿಗೆ ಸೇರಿದ್ದಿತು. ಅದನ್ನು ಕಲ್ಯಾಣದ ಚಾಲುಕ್ಯರ ಮಾಂಡಲಿಕರಾಗಿಯೂ ತರುವಾಯ ಸ್ವತಂತ್ರರಂತೆಯೂ ಆಳಿದವರು ರಟ್ಟರು. ಅವರ ಮೊದಲಿನ ರಾಜಧಾನಿ ಸುಗಂಧವರ್ತಿ, ಎಂದರೆ ಇಂದಿನ ಸವದತ್ತಿ. ಬಳಿಕ ವೇಣುಗ್ರಾಮ, ಎಂದರೆ ಬೆಳಗಾವಿ.

ರಟ್ಟರ ಶಾಸನಗಳನ್ನು ಮೊದಲು ಒಟ್ಟಾಗಿ ಸಂಪಾದಿಸಿದವರು ಡಾ. ಫ್ಲೀಟರು. ರಾಯಲ್ ಏಶಿಯಾಟಿಕ್ ಸೊಸಾಯಿಟಿಯ ಮುಂಬಯಿ ಶಾಖೆಯ ಪತ್ರಿಕೆಯ ೧೦ನೆಯ ಸಂಪುಟದಲ್ಲಿ ಅವು ಅಚ್ಚಾದವು. ಕೊಣ್ಣೂರಿನ ಶಾಸನವೂ ಕಲ್ಲೋಳಿಯ ಶಾಸನವೂ ಅವುಗಳಲ್ಲಿ ಸೇರಿವೆ. ಇಲ್ಲಿ ಒಂದು ಎಚ್ಚರಿಕೆಯ ಮಾತು: ಅಮೋಘವರ್ಷನ ಹೆಸರನ್ನುಳ್ಳ, ಶಕವರ್ಷ ೭೮೨ನ್ನು ಹೇಳುವ ಕೊಣ್ಣೂರಿನ ಶಾಸನವು ನರಗುಂದದ ಕಡೆಯ ಕೊಣ್ಣೂರಿನದು, ಗೋಕಾಕದ ಕೊಣ್ಣೂರಿನದಲ್ಲ. ಒಂದೇ ಹೆಸರಿನ ಎರಡು ಊರುಗಳಿರುವುದರಿಂದ ಹೊಸಬರಿಗೆ ಗೊಂದಲವಾಗುವುದುಂಟು. ಗೋಕಾಕದ ಕೊಣ್ಣೂರು ಶಾಸನದಲ್ಲಿ ‘ಕೊಂಡನೂರು’ ಎಂದಿದೆ. ಅಲ್ಲಿಯ ನಿಧಿಯಮ ಗಾಮುಂಡನೆಂಬವನು ಬಸದಿಯೊಂದನ್ನು ಕಟ್ಟಿಸಿದನು. ದಾನದ ಕಾಲ ಶಕವರ್ಷ ೧೦೦೯, ಪ್ರಭವ ಸಂವತ್ಸರ, ಎಂದರೆ ಕ್ರಿ. ಶ. ೧೦೮೭. ಕಟ್ಟಿಸಿದವನು ಅರಸನಲ್ಲ, ದಂಡನಾಯಕನೂ ಅಲ್ಲ, ಊರ ಗೌಡನೆಂಬುದನ್ನು ವಾಚಕರು ಲಕ್ಷ್ಯದಲ್ಲಿಡಬೇಕು.

ಕಲ್ಲೋಳಿಯ ಶಾಸನವು ೧೨೦೪ನೆಯ ಇಸವಿಯ ಡಿಸೆಂಬರ ೨೫, ಶನಿವಾರ, ಉತ್ತರಾಯಣ ಸಂಕ್ರಾಂತಿಯ ಕಾಲದ್ದು. ಆಗ ಊರಿಗೆ ‘ಸಿಂದನ ಕಲ್ಪೊಳೆ’ ಎಂದು ಹೆಸರು. ಕುರುಂಬೆಟ್ಟ ಕಂಪಣಕ್ಕೆ ಸೇರಿದ್ದಿತು. ನಾಲ್ವಡಿ ಕಾರ್ತವೀರ್ಯನೂ ಯುವರಾಜ ಮಲ್ಲಿಕಾರ್ಜುನನೂ ವೇಣುಗ್ರಾಮದಲ್ಲಿ ಆಳುತ್ತಿರುವಾಗ ರಾಜನೆಂಬ ಹೆಸರಿನ ಸಾಮಂತನು ಕಟ್ಟಿಸಿದ ಶಾಂತಿನಾಥ ಬಸದಿಗೆ ಶುಭಚಂದ್ರ ಭಟ್ಟಾರಕರ ಕೈಯಲ್ಲಿ ದಾನವು ಸಂದಿತು. ಅದೇ ಶಕವರ್ಷ ೧೧೨೭ರಲ್ಲಿ ಬೆಳಗಾವಿಯಲ್ಲಿ ಬೀಚಣನೆಂಬ ಮಂತ್ರಿಯು ಕಟ್ಟಿಸಿದ ರಟ್ಟಜಿನಾಲಯಕ್ಕೂ ದಾನವಾಯಿತು. ಆ ದಾನವನ್ನು ಹೇಳುವ ಎರಡು ಕಲ್ಲುಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಬಾರ್ನೆಟ್ಟರು ಅವನ್ನು ಎಪಿಗ್ರಾಫಿಯಾ ಇಂಡಿಕಾದ ೧೩ನೆಯ ಸಂಪುಟದಲ್ಲಿ ಪ್ರಕಟಿಸಿದರು. ಅಲ್ಲಿ ಅರಸನು ಕೊಟ್ಟುದರ ಜತೆಗೆ ಮುಮ್ಮುರಿದಂಡಗಳೂ ಕೂಂಡಿನಾಡಿನ ವರ್ತಕರೂ ಲಾಳ, ಮಲೆಯಾಳ ದೇಶಗಳಿಂದ ಬಂದು ವ್ಯಾಪಾರ ಮಾಡುತ್ತಿದ್ದವರೂ ನೆರೆದು, ಭತ್ತ, ವೀಳ್ಯದೆಲೆ ಮೊದಲಾದ ಸರಕುಗಳ ಮೇಲೆ ತಾವು ತಾವೇ ಆಯವನ್ನು ಹಾಕಿಕೊಂಡ ಸಂಗತಿಯಿದೆ.

ಈ ಬಗೆಯ ಶಾಸನಗಳನ್ನು ಓದುವವರು ಸಾಮಾನ್ಯವಾಗಿ ಮೇಲಿನಿಂದ ಅರ್ಧದವರೆಗೆ ಓದಿ ನಿಲ್ಲಿಸುವರು. ಮೇಲಿನ ಭಾಗದಲ್ಲಿ ವಂಶಾವಳಿ, ಬಿರುದುಗಳು, ಯುದ್ಧಗಳು, ಕಾವ್ಯದ ಸೊಗಸು. ಕೆಳಗಿನ ಭಾಗದಲ್ಲಿ ಮತ್ತರು, ಕಮ್ಮ, ಗಾಣ, ನಿವೇಶನ, ಮೂಡಲ್ ತೆಂಕಲ್ ಪಡುವಲ್ ಬಡಗಲ್ ಎಂಬ ಎಲ್ಲೆಗಳು. ಫ್ಲೀಟರು ಈ ಕೆಳಭಾಗವನ್ನು ಬಿಟ್ಟವರಲ್ಲ. ಅಕ್ಷರ ಅಕ್ಷರವನ್ನೂ ಓದಿ ಭಾಷಾಂತರಿಸಿರುವರು. ಅವರ ತರುವಾಯ ಬಂದ ನಾವು ವಂಶಾವಳಿಯನ್ನು ಎತ್ತಿಕೊಂಡು ಉಳಿದುದನ್ನು ಅಲ್ಲಿಯೇ ಬಿಟ್ಟೆವು. ಕೂಂಡಿನಾಡಿನ ಸಾಮಾನ್ಯ ಜನರ ಚರಿತ್ರೆಯೆಂಬುದೊಂದಿದ್ದರೆ ಅದು ಕಲ್ಲಿನ ಕೆಳಭಾಗದಲ್ಲಿಯೇ ಇದೆಯೆಂದು ನಮ್ಮ ಅಭಿಪ್ರಾಯ.

ದೇವಾಲಯಕ್ಕೆ ಬಿಟ್ಟ ಆಸ್ತಿಗಳಲ್ಲಿ ಹೂವಿನ ತೋಟವನ್ನು ಬೇರೆಯಾಗಿ ಏಕೆ ಹೇಳುತ್ತಿದ್ದರು? ನೈವೇದ್ಯಕ್ಕೆ ಬೇಕಾದ ಅಕ್ಕಿಯು ಹತ್ತು ಹರದಾರಿ ದೂರದ ಹೊಲದಿಂದಲೂ ಬರಬಹುದು. ಸುಗ್ಗಿಯಲ್ಲಿ ಒಮ್ಮೆ ಬಂದರೆ ಹಗೇವಿನಲ್ಲಿ ವರುಷವಿಡೀ ಉಳಿಯುವುದು. ಸೊಡರಿನ ಎಣ್ಣೆಯನ್ನು ಗಾಣದವರು ಅಳೆದು ಕೊಡುವರು. ಗಡಿಗೆಯಲ್ಲಿ ತಿಂಗಳುಗಟ್ಟಲೆ ಇಡಬಹುದು. ಹೂವು ಹಾಗಲ್ಲ. ಅದು ನಸುಕಿನಲ್ಲಿ ಅರಳಿ ಮಧ್ಯಾಹ್ನಕ್ಕೆ ಬಾಡುವ ವಸ್ತು. ಅದನ್ನು ಕೂಡಿಡಲಾಗದು, ದೂರದಿಂದ ತರಲಾಗದು, ಒಂದು ದಿನವೂ ತಪ್ಪಿಸಲಾಗದು. ಆದುದರಿಂದ ಹೂವಿನ ನೆಲವು ಗುಡಿಗೆ ನಡೆಯುವಷ್ಟು ದೂರದಲ್ಲಿರಬೇಕು, ಬೇಸಗೆಯಲ್ಲಿಯೂ ನೀರಿರಬೇಕು. ಊರಿನ ಅತ್ಯಂತ ಬೆಲೆಯುಳ್ಳ ನೆಲವೆಂದರೆ ಇದೇ: ಊರಿಗೆ ಸಮೀಪ, ನೀರಿಗೂ ಸಮೀಪ. ಅಂತಹ ನೆಲವನ್ನು ಧಾನ್ಯಕ್ಕಲ್ಲ, ಹೂವಿಗೆಂದು ಬಿಟ್ಟುಕೊಡಲು ಊರವರೆಲ್ಲರ ಒಪ್ಪಿಗೆ ಬೇಕು.

ಈ ಪದ್ಧತಿಯು ಬಹು ಪ್ರಾಚೀನವಾದುದು. ಹಾವೇರಿ ಸೀಮೆಯ ದೇವಗಿರಿಯಲ್ಲಿ ದೊರೆತ ಕದಂಬ ಮೃಗೇಶವರ್ಮನ ತಾಮ್ರಪಟವು (ಯಾದವರ ದೇವಗಿರಿ ಬೇರೆ) ೫ನೆಯ ಶತಮಾನದ್ದು. ಅದರಲ್ಲಿ ಜಿನಾಲಯದ ಸಮ್ಮಾರ್ಜನ, ಘೃತಾಭಿಷೇಕ, ಅರ್ಚನೆ, ಜೀರ್ಣೋದ್ಧಾರಗಳಿಗಾಗಿ ಕರಿಯ ಎರೆಯ ಹೊಲವನ್ನು ಕೊಟ್ಟ ಬಳಿಕ ಎರಡು ಸಣ್ಣ ದಾನಗಳನ್ನು ಹೇಳಿದೆ: ಹೂವಿಗಾಗಿ ಒಂದು ನಿವರ್ತನ, ದೇವಕುಲದ ಅಂಗಣಕ್ಕಾಗಿ ಒಂದು ನಿವರ್ತನ. ಅಂಗಣವೆಷ್ಟು ವಿಸ್ತಾರವೋ ಹೂವಿನ ನೆಲವೂ ಅಷ್ಟೇ. ಗುಡಿಯ ಯೋಜನೆಯಲ್ಲಿಯೇ ಅಂಗಣದಂತೆ ತೋಟವೂ ಒಂದು ಅಂಗವೆಂದು ಆ ಕಾಲದವರು ಎಣಿಸಿದ್ದರೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಆಧಾರವನ್ನು ನಾವು ಕಂಡಿಲ್ಲ.

ನಾಲ್ಕು ಶತಮಾನಗಳಿಗೂ ಹೆಚ್ಚು ಕಾಲದ ತರುವಾಯ, ಶಕವರ್ಷ ೮೨೪ರಲ್ಲಿ, ಎಂದರೆ ಕ್ರಿ. ಶ. ೯೦೨ರ ಸುಮಾರಿಗೆ, ಮುಳಗುಂದದಲ್ಲಿ ಚಿಕಾರ್ಯನೆಂಬ ವೈಶ್ಯನು ಕಟ್ಟಿಸಿದ ಬಸದಿಗೆ ಅವನ ಮಗನು ‘ಸಹಸ್ರವಲ್ಲೀಮಾತ್ರ ಕ್ಷೇತ್ರ’ವನ್ನು ಬಿಟ್ಟನು. ಸಾವಿರ ಬಳ್ಳಿಗಳು ಹಿಡಿಯುವಷ್ಟು ನೆಲವೆಂದು ಇದರ ಅರ್ಥ. ವೀಳ್ಯದ ಬಳ್ಳಿಯೆಂದು ತಿಳಿಯುವುದು ಯುಕ್ತ. ಇಲ್ಲಿ ನೆಲವನ್ನು ಕೋಲಿನಿಂದ ಅಳೆದಿಲ್ಲ, ಗಿಡದಿಂದ ಅಳೆದಿದೆ. ತೋಟಗಾರನು ತನ್ನ ತೋಟವನ್ನು ಅಳೆಯುವ ರೀತಿ ಇದು. ಇಂದಿಗೂ ಎಲೆಬಳ್ಳಿಯ ತೋಟದವರು ಎಕರೆಗಿಂತ ಬಳ್ಳಿಯ ಲೆಕ್ಕವನ್ನೇ ಮೊದಲು ಹೇಳುವುದುಂಟು.

ಕೂಂಡಿನಾಡಿನಲ್ಲಿಯೂ ಸುತ್ತಣ ಬೆಳ್ವೊಲ ಮೊದಲಾದ ನಾಡುಗಳಲ್ಲಿಯೂ ೧೧-೧೨ನೆಯ ಶತಮಾನಗಳಲ್ಲಿ ಹೊಲವನ್ನು ಮತ್ತರಿನಿಂದಲೂ ತೋಟವನ್ನು ಅದರ ಭಾಗವಾದ ಕಮ್ಮದಿಂದಲೂ ಅಳೆಯುವುದು ರೂಢಿ. ಸವದತ್ತಿಯ ಶಾಂತಿವರ್ಮನು ೯೮೦ರಲ್ಲಿ ತಾನು ಕಟ್ಟಿಸಿದ ಬಸದಿಗೆ ೧೫೦ ಮತ್ತರು ನೆಲವನ್ನು ಬಿಟ್ಟನು. ತೋಟದ ದಾನಗಳಾದರೆ ಬಹುಮಟ್ಟಿಗೆ ಕಮ್ಮದ ಲೆಕ್ಕದವು. ಇವುಗಳನ್ನು ಇಂದಿನ ಎಕರೆ ಗುಂಟೆಗಳಿಗೆ ತಿರುಗಿಸಿ ಹೇಳುವ ಪ್ರಯತ್ನವನ್ನು ನಾವು ಮಾಡುವುದಿಲ್ಲ. ರಾಜಮಾನದ ಗಳೆ, ಭೇರುಂಡ ಗಳೆ ಎಂದು ಊರಿಗೊಂದು ಅಳತೆಯ ಕೋಲಿದ್ದ ಕಾಲದಲ್ಲಿ ಮತ್ತರಿನ ಪ್ರಮಾಣವೂ ಒಂದೇ ಆಗಿರಲಿಲ್ಲ. ಆದರೆ ಹೊಲಕ್ಕೂ ತೋಟಕ್ಕೂ ಇರುವ ಈ ತಾರತಮ್ಯದ ಕಾರಣವು ಸ್ಪಷ್ಟವಾಗಿದೆ. ಹೊಲದ ವಿಸ್ತಾರವನ್ನು ನಿರ್ಣಯಿಸುವುದು ಮಳೆ. ತೋಟದ ವಿಸ್ತಾರವನ್ನು ನಿರ್ಣಯಿಸುವುದು ಬಾವಿ. ಒಂದು ಜೋಡಿ ಎತ್ತು ಕಪಿಲೆಯಲ್ಲಿ ದಿನಕ್ಕೆ ಎಳೆಯಬಲ್ಲಷ್ಟು ನೀರಿಗೆ ಎಷ್ಟು ಮಡಿಗಳು ನನೆಯುವುವೋ ಅಷ್ಟೇ ತೋಟ. ಘಟಪ್ರಭೆಯ ದಂಡೆಯಲ್ಲಿದ್ದರೂ ಇದೇ ಮಾತು. ಹೊಳೆಯು ಮಳೆಗಾಲದಲ್ಲಿ ತುಂಬಿ ಹರಿಯುವುದು, ಬೇಸಗೆಯಲ್ಲಿ ಆಳಕ್ಕಿಳಿದು ತೆಳುವಾಗುವುದು, ದಂಡೆ ಎತ್ತರ. ಹೊಳೆಯ ನೀರು ಕಾಲುವೆಯಾಗಿ ಮೇಲಕ್ಕೆ ಬಂದುದು ಧುಪದಾಳದ ಒಡ್ಡಾದ ಮೇಲೆ. ಅದಕ್ಕೆ ಮುಂಚೆ ಈ ಭಾಗದ ತೋಟಗಾರನಿಗೆ ಹೊಳೆಗಿಂತ ಬಾವಿಯೇ ಹೆಚ್ಚಿನ ಆಸರೆ.

ಆ ತೋಟಗಳಲ್ಲಿ ಏನನ್ನು ಬೆಳೆಯುತ್ತಿದ್ದರೆಂಬುದನ್ನು ಶಾಸನಗಳು ಸಾಮಾನ್ಯವಾಗಿ ಬಿಡಿಸಿ ಹೇಳುವುದಿಲ್ಲ. ನಮ್ಮ ಕವಿಗಳಾದರೆ ವನವರ್ಣನೆಯಲ್ಲಿ ಹಿಂದೆಬಿದ್ದವರಲ್ಲ. ಭಾರತವನ್ನು ಬರೆದ ಪಂಪನಿಗೆ ಬನವಾಸಿಯ ತೋಟಗಳಲ್ಲಿದ್ದ ಪ್ರೀತಿ ಕನ್ನಡಿಗರೆಲ್ಲರಿಗೂ ವಿದಿತವಾದುದು. ರಟ್ಟರ ಆಶ್ರಯದಲ್ಲಿದ್ದು ೧೨೨೨ರಲ್ಲಿ ಪಾರ್ಶ್ವನಾಥಪುರಾಣವನ್ನು ಬರೆದ ಪಾರ್ಶ್ವಪಂಡಿತನೂ ಚಂಪೂ ಸಂಪ್ರದಾಯದವನೇ. ಆದರೆ ಕಾವ್ಯದ ನಂದನದಲ್ಲಿ ಎಲ್ಲ ಋತುಗಳ ಹೂಗಳೂ ಒಮ್ಮೆಲೇ ಅರಳುವುವು; ಅಲ್ಲಿ ನೀರೆತ್ತುವವರು ಯಾರೂ ಕಾಣಿಸರು. ಇದಕ್ಕಿಂತ ಉಪಯುಕ್ತವಾದುದು ಚಾವುಂಡರಾಯನು ೧೦೨೫ರ ಸುಮಾರಿಗೆ ರಚಿಸಿದ ಲೋಕೋಪಕಾರ. ಅದರಲ್ಲಿ ಭೂಮಿಯೊಳಗಿನ ನೀರನ್ನು ಕಂಡುಹಿಡಿಯುವ ಬಗೆ, ಗಿಡಗಳ ರೋಗಗಳಿಗೆ ಮದ್ದು, ಸುಗಂಧದ್ರವ್ಯಗಳನ್ನು ಮಾಡುವ ಕ್ರಮ, ಇವೆಲ್ಲಕ್ಕೂ ಪ್ರಕರಣಗಳಿವೆ. ಬಾವಿ, ಗಿಡ, ಗಂಧ: ದೇವರ ತೋಟಕ್ಕೆ ಬೇಕಾದ ಮೂರು ವಿದ್ಯೆಗಳೂ ಒಂದೇ ಪುಸ್ತಕದಲ್ಲಿ ಕನ್ನಡದಲ್ಲಿ ದೊರೆಯುತ್ತಿದ್ದುವು.

ಮಲ್ಲಿಗೆ, ಸಂಪಿಗೆ, ಕಣಗಿಲು, ಕೇದಗೆ, ಮರುಗ, ದವನ, ಬಿಲ್ವ ಇವು ಹಳೆಯ ತೋಟದ ಒಕ್ಕಲುಗಳೆಂದು ಹೇಳಲು ಅಡ್ಡಿಯಿಲ್ಲ. ಇಂದು ದಸರೆ ದೀಪಾವಳಿಗಳಲ್ಲಿ ಗೋಕಾಕ, ಹುಕ್ಕೇರಿಗಳ ಸಂತೆಯಲ್ಲಿ ರಾಶಿಬೀಳುವ ಚೆಂಡುಹೂವೂ ಪರಿಮಳಕ್ಕೆ ಹೆಸರಾದ ಸುಗಂಧರಾಜವೂ ಅಮೆರಿಕಾ ಖಂಡದವು. ಯುರೋಪಿಯನ್ನರು ಆ ಖಂಡವನ್ನು ಕಂಡ ಮೇಲೆ ನಮ್ಮ ನಾಡಿಗೆ ಬಂದವು. ನಿಧಿಯಮ ಗಾಮುಂಡನ ಬಸದಿಯಲ್ಲಿ ಅವುಗಳ ಮಾಲೆಯನ್ನು ಕಂಡವರಿಲ್ಲ. ದೇವರ ಪೂಜೆಯಂತಹ ಪೂರ್ವಾಚಾರದಲ್ಲಿಯೂ ಪರದೇಶದ ಗಿಡವು ಇಷ್ಟು ಸಲೀಸಾಗಿ ಸೇರಿಹೋದುದು ತೋಟಗಾರನ ಉದಾರ ಬುದ್ಧಿಗೆ ಸಾಕ್ಷಿ. ಪುರೋಹಿತನನ್ನು ಕೇಳಿ ಅವನು ಚೆಂಡುಹೂವನ್ನು ಹಾಕಿದನೆಂದು ತೋರುವುದಿಲ್ಲ.

ಈಗ ಮುಖ್ಯವಾದ ಪ್ರಶ್ನೆಗೆ ಬರೋಣ. ಈ ತೋಟವು ಯಾರದು? ಶಾಸನದ ಭಾಷೆಯಲ್ಲಿ ಅದು ದೇವರದು. ಸ್ಥಾನಾಚಾರ್ಯನ ಕಾಲು ತೊಳೆದು ಧಾರಾಪೂರ್ವಕವಾಗಿ ಅವನ ಕೈಗೆ ಕೊಡುವರು. ಆದರೆ ಅವನು ಅದನ್ನು ಮಾರುವಂತಿಲ್ಲ. ಅರಸನು ಸರ್ವನಮಸ್ಯವೆಂದು ತೆರಿಗೆಯನ್ನು ಬಿಡುವನು, ಮರಳಿ ಪಡೆಯುವಂತಿಲ್ಲ. ಕಾಪಾಡುವ ಹೊಣೆಯು ಮಹಾಜನರಿಗೆ, ನಗರಕ್ಕೆ, ಗಾವುಂಡುಗಳಿಗೆ. ಪೂಲಿಯಲ್ಲಿ, ಎಂದರೆ ಇಂದಿನ ಹೂಲಿಯಲ್ಲಿ, ಸಾಸಿರ್ವರು ಮಹಾಜನರು. ಬೇರೆ ಪಟ್ಟಣಗಳಲ್ಲಿ ಅಯ್ಯಾವೊಳೆಯ ಐನೂರ್ವರ ಸಂಘದವರು, ತೆಲ್ಲಿಗರ ಐವತ್ತೊಕ್ಕಲು. ಧರ್ಮವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಯನ್ನು ಕೊಂದ ಪಾಪವೆಂದು ಶಾಪವನ್ನು ಬರೆಯಿಸುತ್ತಿದ್ದುದು ಕೇವಲ ಅಲಂಕಾರವಲ್ಲ. ದಂಡಿಸುವ ಅಧಿಕಾರಿಯು ದೂರದಲ್ಲಿರುವಾಗ, ಊರವರೆಲ್ಲರೂ ಕೇಳಿಸಿಕೊಂಡು ಒಪ್ಪಿದ ಶಾಪವೇ ಬೇಲಿ. ಹೀಗೆ ಒಬ್ಬನ ಒಡೆತನವಿಲ್ಲದೆ, ಹಲವರ ಕಾವಲಿನಲ್ಲಿ, ಎಲ್ಲರ ಕಣ್ಣೆದುರಿಗೆ ಇದ್ದ ನೆಲವನ್ನು ಸಮುದಾಯದ ತೋಟವೆಂದು ಕರೆಯುವುದು ತಪ್ಪಾಗಲಾರದು.

ಆದರೆ ಈ ಮಾತನ್ನು ಅಳತೆಮೀರಿ ಎಳೆಯಬಾರದು. ‘ಸಮಸ್ತ ಪ್ರಜೆಗಳು’ ಎಂದು ಕಲ್ಲು ಹೇಳಿದಾಗ ಅದರಲ್ಲಿ ಊರ ಎಲ್ಲರೂ ಸೇರಿದ್ದರೆಂದು ನಂಬುವುದು ಮುಗ್ಧತೆ. ನೆಲವನ್ನು ಕೊಟ್ಟವರ ಹೆಸರಿದೆ, ಪಡೆದ ಆಚಾರ್ಯನ ಗುರುಪರಂಪರೆಯಿದೆ, ಕಲ್ಲನ್ನು ಕಂಡರಿಸಿದವನ ಹೆಸರೂ ಕೆಲವೆಡೆ ಇದೆ. ನಸುಕಿನಲ್ಲಿ ಎದ್ದು ನೀರೆತ್ತಿ, ಕಳೆ ತೆಗೆದು, ಹೂ ಬಿಡಿಸಿ, ಮಾಲೆ ಕಟ್ಟಿದ ಮಾಲೆಗಾರನ ಹೆಸರು ಬಹುಮಟ್ಟಿಗೆ ಇಲ್ಲ. ಅವನಿಗೆ ವೃತ್ತಿಯಿದ್ದಿತು, ಒಡೆತನವಿರಲಿಲ್ಲ. ಅವನು ಮುಟ್ಟಿದ ಹೂವು ಗರ್ಭಗೃಹದೊಳಕ್ಕೆ ಹೋಗುವುದು; ಅವನು ಹೊರಗೆ ನಿಲ್ಲುವನು.

ಅವನ ಪರಂಪರೆಯಾದರೂ ತುಂಡಾಗಲಿಲ್ಲ. ರಟ್ಟರು ೧೩ನೆಯ ಶತಮಾನದ ಪೂರ್ವಾರ್ಧದಲ್ಲಿ ಯಾದವರಿಗೆ ಸೋತು ಇಲ್ಲವಾದರು. ಬಳಿಕ ವಿಜಯನಗರ, ಆದಿಲಶಾಹಿ, ಮರಾಠರು, ಇಂಗ್ಲಿಷರು ಬಂದರು. ಬಸದಿಗಳೆಷ್ಟೋ ಬೇರೆ ದೇವರ ಗುಡಿಗಳಾದವು. ದೇವರು ಯಾರಾದರೇನು, ಹೂವಂತೂ ಬೇಕು. ಹೂಗಾರರೆಂದೂ ಜೀರರೆಂದೂ ಉತ್ತರ ಕರ್ನಾಟಕದಲ್ಲಿ ಕರೆಯಿಸಿಕೊಳ್ಳುವ ಜನರು ಗುಡಿಗೆ ಹೂಪತ್ರಿಯನ್ನೂ ಮನೆಮನೆಗೆ ಬಿಲ್ವದ ಎಸಳುಗಳನ್ನೂ ಮುಟ್ಟಿಸಿ, ಸುಗ್ಗಿಯಲ್ಲಿ ಕಣದಿಂದ ಆಯವನ್ನು ಪಡೆದು ಬಾಳಿದರು. ಆಯಕ್ಕೆ ಜತೆಯಾಗಿ ಎಷ್ಟೋ ಊರುಗಳಲ್ಲಿ ಅವರಿಗೆ ಚಾಕರಿಯ ಇನಾಮು ನೆಲವಿದ್ದಿತು. ಮುಂಬಯಿ ಸರಕಾರದ ಮೋಜಣಿಯವರು ಭೂಮಿಯನ್ನು ಜಿರಾಯತ, ತರಿ, ಬಾಗಾಯತ ಎಂದು ವಿಂಗಡಿಸಿ ಬಾಗಾಯತಕ್ಕೆ ಹೆಚ್ಚಿನ ಆಕಾರವನ್ನು ಕಟ್ಟಿದಾಗ ಇಂತಹ ನೆಲಗಳೂ ಕಾಗದದ ಮೇಲೆ ಬಂದವು. ಶಾಸನದ ಪೂದೋಂಟವನ್ನೂ ಮೋಜಣಿಯ ಬಾಗಾಯತ ಇನಾಮನ್ನೂ ಊರೂರಿನಲ್ಲಿ ಹೋಲಿಸಿ ನೋಡುವ ಕೆಲಸವು ನಡೆದರೆ ಹೊಸ ಸಂಗತಿಗಳು ಹೊರಬೀಳುವುವು.

ಹೊರದೇಶದ ಒಂದು ನಿದರ್ಶನವನ್ನು ಇಲ್ಲಿ ಹೇಳಬಹುದು. ಇಂಗ್ಲೆಂಡಿನ ಸಾಮರ್ಸೆಟ್ ಪ್ರಾಂತದ ವೆಲ್ಸ್ ಎಂಬುದು ಸಣ್ಣ ಊರಾದರೂ ಬಿಷಪ್ಪನ ಪೀಠವಿರುವ ಮಹಾದೇವಾಲಯದಿಂದಾಗಿ ನಗರವೆನಿಸಿದೆ. ಅದರ ಹೆಸರೇ ಚಿಲುಮೆಗಳಿಂದ ಬಂದುದು. ಆ ಚಿಲುಮೆಗಳಿರುವುದು ಬಿಷಪ್ಪನ ಅರಮನೆಯ ತೋಟದಲ್ಲಿ. ೧೪೫೧ರಲ್ಲಿ ಥಾಮಸ್ ಬೆಕಿಂಗ್ಟನ್ ಎಂಬ ಬಿಷಪ್ಪನು ಆ ನೀರನ್ನು ಕೊಳವೆಯ ಮೂಲಕ ಊರ ಪೇಟೆಗೆ ಹರಿಸಿಕೊಳ್ಳಲು ಪೌರರಿಗೆ ಹಕ್ಕು ಕೊಟ್ಟನು. ಅವರು ಪ್ರತಿಯಾಗಿ ವರುಷಕ್ಕೊಮ್ಮೆ ಅವನ ಸಮಾಧಿಯ ಬಳಿ ಪ್ರಾರ್ಥನೆ ಸಲ್ಲಿಸತಕ್ಕದ್ದು. ದೇವರ ತೋಟದ ನೀರಿನಲ್ಲಿ ಊರಿಗೂ ಪಾಲು. ದಾತೃವಿಗೆ ಪುಣ್ಯದ ಪಾಲು. ನಮ್ಮ ಧಾರಾದತ್ತಕ್ಕೂ ಇದಕ್ಕೂ ಇರುವ ಸಾಮ್ಯವು ಗಮನಾರ್ಹವಾದುದು. ಆದರೆ ಆ ದೇಶದಲ್ಲಿ ಮುಂದೆ ಊರೂರಿನ ಸಾಮಾನ್ಯ ಭೂಮಿಗೆ ಒಡೆಯರು ಬೇಲಿ ಹಾಕಿಕೊಂಡರು. ಬಡವರಿಗೆ ನೆಲವಿಲ್ಲವಾದ ಮೇಲೆ ೧೮೪೫ರ ಬೇಲಿ ಶಾಸನದಲ್ಲಿ ಕೂಲಿಕಾರರ ಸಣ್ಣ ತೋಟಗಳಿಗೆಂದು ಭಾಗವನ್ನು ತೆಗೆದಿಡುವ ವಿಧಿ ಬಂದಿತು. ೧೮೮೭ರಲ್ಲಿಯೂ ೧೯೦೮ರಲ್ಲಿಯೂ ಬೇರೆ ಕಾಯಿದೆಗಳಾಗಿ, ಕೇಳಿದ ಪೌರನಿಗೆ ತುಂಡು ತೋಟವನ್ನು ಗೇಣಿಗೆ ಕೊಡಿಸುವ ಹೊಣೆ ಸ್ಥಳೀಯ ಸಂಸ್ಥೆಗಳ ಮೇಲೆ ಬಿದ್ದಿತು. ಇಂದು ಆ ದೇಶದ ಹಳೆಯ ದೇವಾಲಯ ನಗರಗಳಿಗೆ ಹೋದವರಿಗೆ ಪೌರರು ಕೂಡಿ ಬೆಳೆಯುವ ತೋಟಗಳನ್ನು ತೋರಿಸುವರು. ಅವುಗಳಿಗೆ ಕಾನೂನಿನ ಬೇಲಿಯಿದೆ. ನಮ್ಮ ಪೂದೋಂಟಕ್ಕೆ ಇದ್ದುದು ನಂಬಿಕೆಯ ಬೇಲಿ ಮಾತ್ರ.

ನಮ್ಮಲ್ಲಿ ಕಾನೂನು ಬಂದುದು ಬೇರೊಂದು ದಾರಿಯಿಂದ. ಗೋಕಾಕ, ಹುಕ್ಕೇರಿಗಳು ಇನ್ನೂ ಮುಂಬಯಿ ರಾಜ್ಯದಲ್ಲಿದ್ದಾಗ, ೧೯೫೩ರಲ್ಲಿ, ‘ಸಮುದಾಯಕ್ಕೆ ಉಪಯುಕ್ತವಾದ’ ಚಾಕರಿ ಇನಾಮುಗಳನ್ನು ರದ್ದುಗೊಳಿಸುವ ಕಾಯಿದೆಯಾಯಿತು. ೧೯೫೬ರಲ್ಲಿ ಬೆಳಗಾವಿ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿತು. ೧೯೭೪ರ ಮಾರ್ಚಿ ೧ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯು ಗೇಣಿಯ ನೆಲವನ್ನು ಉಳುವವನಿಗೇ ಕೊಡಿಸಿತು. ಇದನ್ನು ದೇವರ ಆಸ್ತಿಯ ಹಾನಿಯೆಂದು ಶೋಕಿಸುವವರಿದ್ದಾರೆ. ಅವರ ಮಾತನ್ನು ಪೂರ್ತಿಯಾಗಿ ಒಪ್ಪುವುದು ನಮಗೆ ಸಾಧ್ಯವಿಲ್ಲ. ಎಲ್ಲಿ ಹೂಗಾರನೇ ಗೇಣಿದಾರನಾಗಿದ್ದನೋ ಅಲ್ಲಿ, ಎಂಟುನೂರು ವರುಷ ಕಲ್ಲಿನ ಮೇಲೆ ಬಾರದಿದ್ದ ಅವನ ಹೆಸರು ಮೊದಲ ಬಾರಿಗೆ ಪಹಣಿಯಲ್ಲಿ ಬಂದಿತು. ಇದು ಸಣ್ಣ ಸಂಗತಿಯಲ್ಲ. ಆದರೆ ಹೆಸರು ಬಂದ ನೆಲದಲ್ಲಿ ಹೂವನ್ನೇ ಬೆಳೆಯಬೇಕೆಂಬ ಕಟ್ಟು ಉಳಿಯಲಿಲ್ಲ. ಊರವರ ಕಾವಲೂ ಉಳಿಯಲಿಲ್ಲ. ಊರಿಗೆ ಸಮೀಪ, ನೀರಿಗೆ ಸಮೀಪ ಎಂಬ ಯಾವ ಗುಣಕ್ಕಾಗಿ ಆ ನೆಲವನ್ನು ತೋಟಕ್ಕೆ ಆರಿಸಿದ್ದರೋ ಅದೇ ಗುಣಕ್ಕಾಗಿ ಊರು ಬೆಳೆದಾಗ ಮನೆಗಳು ಮೊದಲು ಎದ್ದುದು ಅಂತಹ ನೆಲದ ಮೇಲೆಯೇ. ದೂರದ ಹೊಲವು ಹೊಲವಾಗಿಯೇ ಉಳಿಯಿತು; ಅದರಲ್ಲಿ ಕಾಲುವೆಯ ನೀರಿನಿಂದ ಕಬ್ಬು ಬಂದಿತು.

ಧುಪದಾಳದಿಂದ ಹೊರಟು ಕೊಣ್ಣೂರು, ಗೋಕಾಕದ ಜಲಪಾತ, ಕಲ್ಲೋಳಿಗಳನ್ನು ನೋಡಹೊರಟವನು ಆದುದರಿಂದ ಗುಡಿಯೊಳಗಿನ ಕಂಬಗಳನ್ನು ಎಣಿಸಿ ಹಿಂದಿರುಗಬಾರದು. ಗುಡಿಯ ಹಿಂದಕ್ಕೆ ಹೋಗಬೇಕು. ಅಲ್ಲಿ ಕಲ್ಲುಕಟ್ಟಿನ ಹಳೆಯ ಬಾವಿ ಇದೆಯೇ, ಅದರ ದಂಡೆಯಲ್ಲಿ ಹಗ್ಗ ಉಜ್ಜಿದ ಗೆರೆಗಳಿವೆಯೇ, ನೀರು ಹರಿಯಲು ಕಡೆದ ಕಲ್ಲಿನ ದೋಣಿ ಬಿದ್ದಿದೆಯೇ ಎಂದು ನೋಡಬೇಕು. ಒಂಟಿಯಾಗಿ ನಿಂತ ಬಿಲ್ವವೋ ಸಂಪಿಗೆಯೋ ಇದ್ದರೆ ಅದರ ಸುತ್ತಲಿನ ನೆಲದ ಹೆಸರನ್ನು ಕೇಳಬೇಕು. ಹೊಲಗಳಿಗೆ ಜನರು ಇಟ್ಟ ಹೆಸರು ಸರಕಾರದ ಸರ್ವೆ ನಂಬರಿಗಿಂತ ಹೆಚ್ಚು ಕಾಲ ಬದುಕುವುದು: ದೇವರ ತೋಟ, ಹೂವಿನ ಪಟ್ಟಿ, ಜೀರರ ಹೊಲ ಎಂಬಂತಹ ಹೆಸರು ಸಿಕ್ಕಿದರೆ ಅದನ್ನು ಬರೆದುಕೊಂಡು, ಶಾಸನದ ಎಲ್ಲೆಗಳೊಡನೆ ಹೋಲಿಸಬೇಕು. ಮೂಡಲ್ ದಾರಿ, ತೆಂಕಲ್ ಹಳ್ಳ ಎಂದು ಕಲ್ಲು ಹೇಳಿದ್ದರೆ ದಾರಿಯೂ ಹಳ್ಳವೂ ಬಹುಶಃ ಇಂದಿಗೂ ಅಲ್ಲಿಯೇ ಇರುವುವು.

ಬೆಳಗಾವಿಯ ಕಲ್ಲುಗಳಿಗಾಗಿ ಲಂಡನ್ನಿಗೆ ಹೋಗಬೇಕಾಗಿಲ್ಲ, ಪಾಠವು ಅಚ್ಚಿನಲ್ಲಿದೆ. ದಕ್ಷಿಣ ಭಾರತದ ಶಾಸನಗಳ ಮಾಲೆಯಲ್ಲಿ ಬಂದ ಬೊಂಬಾಯಿ-ಕರ್ನಾಟಕದ ಸಂಪುಟಗಳಲ್ಲಿಯೂ ಇಂತಹ ದಾನಭಾಗಗಳು ಹೇರಳವಾಗಿವೆ. ಕೆಲಸವಾಗಬೇಕಾದುದು ನೆಲದ ಮೇಲೆ. ಇದಕ್ಕೆ ಬೇಸಗೆಯೇ ಅನುಕೂಲವಾದ ಕಾಲ. ಮಳೆಗಾಲದಲ್ಲಿ ಎಲ್ಲ ನೆಲವೂ ಹಸುರಾಗಿ ಬಾವಿಯ ಬಾಯಿ ಬಳ್ಳಿಗಳಲ್ಲಿ ಮುಚ್ಚಿಹೋಗುವುದು; ಚೈತ್ರ ವೈಶಾಖಗಳಲ್ಲಿಯಾದರೆ, ಸುತ್ತಲಿನ ಎರೆಯೆಲ್ಲ ಬಿರುಕುಬಿಟ್ಟಿರುವಾಗಲೂ, ಹಳೆಯ ತೋಟದ ಮಣ್ಣು ಬೇರೆ ಬಣ್ಣದ್ದಾಗಿ ಎದ್ದು ಕಾಣುವುದು.